ದೇಹದ ಪಾಲು, ಮಾತ್ರೆಯ ಪಾಲು: ತಳಮಟ್ಟದ ಲೆಕ್ಕಾಚಾರ

ಪ್ಯಾರಾಸಿಟಮಾಲ್ ಮಾತ್ರೆ ನುಂಗಿದ ವ್ಯಕ್ತಿಯ ರಕ್ತವನ್ನು ಅರ್ಧ ಗಂಟೆಗೊಮ್ಮೆ ತೆಗೆದು ಪರೀಕ್ಷಿಸಿದರೆ ಅದರಲ್ಲಿ ಸಿಗುವ ಪ್ಯಾರಾಸಿಟಮಾಲ್ ಎಲ್ಲವೂ ಆ ಮಾತ್ರೆಯಿಂದಲೇ ಬಂದದ್ದು. ನಮ್ಮ ದೇಹ ಅದನ್ನು ತಯಾರಿಸುವುದಿಲ್ಲ. ಮಾತ್ರೆ ನುಂಗುವ ಮೊದಲು ರಕ್ತದಲ್ಲಿ ಅದರ ಮಟ್ಟ ಸೊನ್ನೆ. ಆದ್ದರಿಂದ ರಕ್ತದಲ್ಲಿನ ಸಾರತೆಯನ್ನು ಕಾಲಕ್ಕೆ ಎದುರಾಗಿ ಗುರುತಿಸಿ ನಕ್ಷೆ ಎಳೆದರೆ, ಅದರ ಗರಿಷ್ಠ ಬಿಂದು ಮತ್ತು ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಎರಡೂ ಮಾತ್ರೆಯ ಗುಣವನ್ನೇ ಹೇಳುತ್ತವೆ. ಔಷಧವು ದೇಹದೊಳಗೆ ಹೇಗೆ ಹೀರಲ್ಪಡುತ್ತದೆ, ಹರಡುತ್ತದೆ, ಹೊರಹೋಗುತ್ತದೆ ಎಂಬುದನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಫಾರ್ಮಕೊಕೈನೆಟಿಕ್ಸ್ ಎಂದು ಹೆಸರು. ಅದರ ಮೊದಲ ಪಾಠ ಈ ನಕ್ಷೆಯೇ.

ಥೈರಾಕ್ಸಿನ್ ಮಾತ್ರೆಯ ವಿಷಯ ಹೀಗಲ್ಲ. ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರ ಡಿಸೆಂಬರ್ 25ರಂದು ಸ್ಫಟಿಕ ರೂಪದಲ್ಲಿ ಪ್ರತ್ಯೇಕಿಸಿದ ಈ ಹಾರ್ಮೋನನ್ನು ನಮ್ಮ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಪ್ರತಿದಿನವೂ ತಯಾರಿಸುತ್ತದೆ. ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ಮತ್ತು ಗ್ರಂಥಿ ಸ್ರವಿಸುವ ಥೈರಾಕ್ಸಿನ್ ರಾಸಾಯನಿಕವಾಗಿ ಒಂದೇ ಅಣು. ಯಾವ ಅಣು ಅಂಗಡಿಯಿಂದ ಬಂದದ್ದು, ಯಾವುದು ಗ್ರಂಥಿಯಿಂದ ಬಂದದ್ದು ಎಂದು ಪ್ರಯೋಗಾಲಯದ ಯಂತ್ರಕ್ಕೆ ತಿಳಿಯದು. ಹೀಗೆ ದೇಹವೇ ತಯಾರಿಸುವ ಅಥವಾ ದೇಹದಲ್ಲಿ ಸದಾ ಇರುವ ವಸ್ತುಗಳನ್ನು ದೇಹಜನ್ಯ ವಸ್ತುಗಳು ಎನ್ನೋಣ. ಟೆಸ್ಟಾಸ್ಟಿರಾನ್, ಕಾರ್ಟಿಸಾಲ್, ಇನ್ಸುಲಿನ್ ಈ ಗುಂಪಿಗೆ ಸೇರುತ್ತವೆ. ಆಹಾರದಿಂದ ಬಂದು ದೇಹದಲ್ಲಿ ನೆಲೆಸಿರುವ ಪೊಟ್ಯಾಸಿಯಂ, ಕಬ್ಬಿಣಗಳನ್ನೂ ಇದೇ ಸಾಲಿಗೆ ಸೇರಿಸಬಹುದು. ಔಷಧ ಕೊಡುವ ಮೊದಲೇ ಇರುವ ಮಟ್ಟಕ್ಕೆ ತಳಮಟ್ಟ ಎಂದು ಹೆಸರಿಡೋಣ. ಈ ತಳಮಟ್ಟವನ್ನು ಕಳೆಯಬೇಕೆ, ಕಳೆಯುವುದಾದರೆ ಹೇಗೆ ಎಂಬುದೇ ಈ ಲೇಖನದ ವಿಷಯ.

ಹೊಳೆನರಸೀಪುರದ ಬಳಿಯ ಹೇಮಾವತಿ

ಹೋಲಿಕೆಗೆ ನದಿಯೊಂದನ್ನು ತೆಗೆದುಕೊಳ್ಳೋಣ. ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಇದೆ. ಅಲ್ಲಿಂದ ಬಿಟ್ಟ ನೀರು ಹೊಳೆನರಸೀಪುರದ ಮೂಲಕ ಹರಿದು ಮುಂದೆ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ಅಣೆಕಟ್ಟೆಯಿಂದ ಸೆಕೆಂಡಿಗೆ 800 ಘನ ಅಡಿ ನೀರು ಬರುತ್ತಿದೆ ಎಂದು ಭಾವಿಸಿ. ಮಧ್ಯೆ ಒಂದು ಹಳ್ಳದ ಕಡೆ ಮಳೆಯಾಯಿತು. ಹೊಳೆನರಸೀಪುರದಲ್ಲಿ ಅಳೆದಾಗ ಹರಿವು 1400. ಹಳ್ಳ ತಂದ ನೀರೆಷ್ಟು? 600 ಎಂದು ಯಾರಾದರೂ ಹೇಳಿಯಾರು. 1400 ಎಂದು ಯಾರೂ ಹೇಳುವುದಿಲ್ಲ. ಜಲವಿಜ್ಞಾನಿಗಳು ನೆರೆಯ ಹರಿವಿನಿಂದ ತಳಹರಿವನ್ನು ಬೇರ್ಪಡಿಸುವುದು ಇದೇ ತರ್ಕದಿಂದ.

ಆದರೆ ಇದರಲ್ಲಿ ಒಂದು ಊಹೆ ಅಡಗಿದೆ. ಹಳ್ಳದ ನೀರು ಬಂದಷ್ಟು ಹೊತ್ತೂ ಅಣೆಕಟ್ಟೆಯ ನೀರು 800ರಲ್ಲೇ ಇತ್ತು ಎಂಬುದು ಆ ಊಹೆ. ಕೆಳಗೆ ನೀರು ಹೆಚ್ಚಾಗಿದೆ ಎಂಬ ಸುದ್ದಿ ತಿಳಿದು ಗೊರೂರಿನಲ್ಲಿ ಯಾರಾದರೂ ತೂಬನ್ನು ಸ್ವಲ್ಪ ಇಳಿಸಿದ್ದರೆ ನಮ್ಮ ವ್ಯವಕಲನ ತಪ್ಪುತ್ತದೆ. ದೇಹದಲ್ಲಿ ಹೀಗೆ ತೂಬು ಇಳಿಸುವವರು ಇದ್ದಾರೆ. ಅವರ ವಿಷಯಕ್ಕೆ ಬರುವ ಮುನ್ನ, ತಳಮಟ್ಟ ಕಳೆಯದಿದ್ದರೆ ಆಗುವ ಅನಾಹುತವನ್ನು ನೋಡೋಣ.

ಎರಡು ಮಾತ್ರೆಗಳ ಕಥೆ

ಒಂದು ಕಂಪನಿಯ ಔಷಧಕ್ಕೆ ಇನ್ನೊಂದು ಕಂಪನಿಯ ಔಷಧ ಸಮನೇ ಎಂದು ನಿರ್ಧರಿಸಲು ಜೈವಿಕ ಸಮಾನತೆಯ ಪರೀಕ್ಷೆ ನಡೆಸುತ್ತಾರೆ. ಒಂದೇ ಗುಂಪಿನ ಆರೋಗ್ಯವಂತ ಸ್ವಯಂಸೇವಕರಿಗೆ ಎರಡು ಔಷಧಗಳನ್ನೂ ಬೇರೆ ಬೇರೆ ಅವಧಿಯಲ್ಲಿ ಕೊಟ್ಟು ರಕ್ತ ಪರೀಕ್ಷಿಸುತ್ತಾರೆ. ಗರಿಷ್ಠ ಸಾರತೆ ಮತ್ತು ವಕ್ರರೇಖೆಯ ಕೆಳಗಿನ ವಿಸ್ತೀರ್ಣಗಳ ಸರಾಸರಿ ಅನುಪಾತ, ಶೇಕಡಾ 90ರ ವಿಶ್ವಾಸಾಂತರ ಸಹಿತ, 80ರಿಂದ 125 ಶೇಕಡಾದ ಒಳಗಿದ್ದರೆ ಎರಡೂ ಸಮಾನ ಎಂದು ತೀರ್ಪು. ಭಾರತದ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಇಂಥ ಪರೀಕ್ಷೆಗಳಿಗೆ 2005ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಈಗ ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಸ್ವಯಂಸೇವಕನ ರಕ್ತದಲ್ಲಿ ಮೊದಲೇ ಇರುವ ಥೈರಾಕ್ಸಿನ್ ಡೆಸಿಲೀಟರಿಗೆ 8 ಮೈಕ್ರೊಗ್ರಾಂ. 'ಅ' ಎಂಬ ಮಾತ್ರೆ ಅದನ್ನು 14ಕ್ಕೆ ಏರಿಸಿತು, 'ಆ' ಎಂಬ ಮಾತ್ರೆ 12ಕ್ಕೆ. ಇದ್ದಂತೆಯೇ ಹೋಲಿಸಿದರೆ 12ನ್ನು 14ರಿಂದ ಭಾಗಿಸಿದಾಗ ಶೇಕಡಾ 86 ಸಿಗುತ್ತದೆ. 80ರ ಗೆರೆಯ ಮೇಲಿದೆ, 'ಆ' ಉತ್ತೀರ್ಣ. ತಳಮಟ್ಟ ಕಳೆದು ನೋಡಿ. 'ಅ' ಮಾತ್ರೆಯ ಸ್ವಂತ ಕೊಡುಗೆ 6, 'ಆ' ಮಾತ್ರೆಯದು 4. ಅನುಪಾತ ಶೇಕಡಾ 67. ಮೂರನೇ ಒಂದು ಭಾಗ ಔಷಧವೇ ಇಲ್ಲದ ಮಾತ್ರೆ, ಸ್ವಯಂಸೇವಕನ ಸ್ವಂತ ಹಾರ್ಮೋನಿನ ಮರೆಯಲ್ಲಿ ನಿಂತು ಪರೀಕ್ಷೆ ಪಾಸಾಗಿಬಿಟ್ಟಿತ್ತು!

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ ಅಬಾಟ್ ಕಂಪನಿಯ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 36 ಆರೋಗ್ಯವಂತರಿಗೆ 600, 450 ಮತ್ತು 400 ಮೈಕ್ರೊಗ್ರಾಂ ಪ್ರಮಾಣಗಳಲ್ಲಿ ಲೆವೊಥೈರಾಕ್ಸಿನ್ ಕೊಟ್ಟು, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ತಳಮಟ್ಟ ಕಳೆಯದಿದ್ದಾಗ 600 ಮತ್ತು 400 ಮೈಕ್ರೊಗ್ರಾಂ ಕೂಡ 'ಸಮಾನ' ಎಂದು ತೇರ್ಗಡೆಯಾದವು. ಕಳೆದಾಗ ಆ ವ್ಯತ್ಯಾಸ ಬಯಲಾಯಿತು. ಆದರೂ 450 ಮತ್ತು 400ರ ನಡುವಿನ ಶೇಕಡಾ 12.5ರ ಅಂತರ ಮಾತ್ರ ಹಿಡಿಗೆ ಸಿಗಲಿಲ್ಲ. ಅಬಾಟ್ ಸ್ವತಃ ಬ್ರ್ಯಾಂಡ್ ಔಷಧದ ತಯಾರಕ. ಅಗ್ಗದ ಪ್ರತಿಸ್ಪರ್ಧಿಗಳನ್ನು ಸುಲಭವಾಗಿ ಒಳಬಿಡಬಾರದೆಂಬ ಆಸಕ್ತಿ ಅದಕ್ಕೆ ಇದ್ದೇ ಇತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆದರೆ ಅಂಕಗಣಿತ ಯಾರ ಪಕ್ಷವನ್ನೂ ವಹಿಸುವುದಿಲ್ಲ; 14 ಮತ್ತು 12ರ ಲೆಕ್ಕವನ್ನು ಯಾರು ಮಾಡಿದರೂ ಉತ್ತರ ಒಂದೇ.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಬರೆಸಿಕೊಂಡ ಚೀಟಿ ಹಿಡಿದು ಅರಕಲಗೂಡಿನ ಅಂಗಡಿಗೆ ಹೋದ ಮಹಿಳೆಗೆ ಕಳೆದ ತಿಂಗಳ ಬ್ರ್ಯಾಂಡ್ ಸಿಗದೆ ಬೇರೊಂದು ಸಿಗಬಹುದು. ಸಾಮಾನ್ಯ ಔಷಧಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಆಕೆಯ ಥೈರಾಯ್ಡ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಿದ್ದರೆ, ಪರೀಕ್ಷೆಯಲ್ಲಿ 'ಆ' ಮಾತ್ರೆಯನ್ನು ಕಾಪಾಡಿದ 8 ಮೈಕ್ರೊಗ್ರಾಂ ಆಕೆಯಲ್ಲಿಲ್ಲ. ಆಕೆಗೆ ಸಿಗುವುದು ಮಾತ್ರೆಯಲ್ಲಿರುವಷ್ಟೇ. ಗರ್ಭಿಣಿಯಾಗಿದ್ದರಂತೂ ಮೊದಲ ತಿಂಗಳುಗಳಲ್ಲಿ ಭ್ರೂಣದ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಕ್ಸಿನ್ನೇ ಆಧಾರ. ವೈದ್ಯರು ಈ ಔಷಧದ ಪ್ರಮಾಣವನ್ನು 12 ಅಥವಾ 25 ಮೈಕ್ರೊಗ್ರಾಂಗಳಷ್ಟು ಸಣ್ಣ ಮೆಟ್ಟಿಲುಗಳಲ್ಲಿ ಹೆಚ್ಚು ಕಡಿಮೆ ಮಾಡುತ್ತಾರೆ. ಹಾಗಿರುವಾಗ ಮಾತ್ರೆಗಳ ನಡುವೆ ಶೇಕಡಾ 33ರ ಅಂತರ ಉಳಿದರೆ ಆ ಶ್ರಮವೆಲ್ಲ ವ್ಯರ್ಥ. ಇಂಥ ಸೂಕ್ಷ್ಮ ಔಷಧಗಳಿಗೆ 80–125ರ ಬದಲು 90–111ರಂಥ ಕಿರಿದಾದ ಮಿತಿಗಳನ್ನು ಯುರೋಪಿನಲ್ಲಿ ಬಳಸುವುದು ಈ ಕಾರಣದಿಂದ.

ಹಾಗಾದರೆ ಗ್ರಂಥಿಯೇ ಇಲ್ಲದವರಲ್ಲಿ ಪರೀಕ್ಷೆ ನಡೆಸಬಾರದೆ ಎಂದು ವಿದ್ಯಾರ್ಥಿಯೊಬ್ಬ ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಅವರು ಪ್ರತಿದಿನ ಮಾತ್ರೆ ನುಂಗುತ್ತಿರುವವರು. ಥೈರಾಕ್ಸಿನ್ನಿನ ಅರ್ಧಾಯು ಸುಮಾರು ಏಳು ದಿನ. ಹಳೆಯ ಮಾತ್ರೆಯ ಶೇಷ ಬಹುತೇಕ ಇಳಿಯಲು ಐದು ಅರ್ಧಾಯುಗಳು, ಅಂದರೆ 35 ದಿನ ಬೇಕು. ಅಷ್ಟು ದಿನ ಔಷಧ ನಿಲ್ಲಿಸಿದರೆ ರೋಗಿ ಕಾಹಿಲೆ ಬೀಳುತ್ತಾನೆ, ಕರುಳಿನ ಚಲನೆಯೂ ನಿಧಾನವಾಗಿ ಹೀರಿಕೆಯೇ ಬದಲಾಗುತ್ತದೆ. ನೀತಿಯೂ ಒಪ್ಪದು, ವಿಜ್ಞಾನವೂ ಒಪ್ಪದು. ಆರೋಗ್ಯವಂತರಲ್ಲೇ ನಡೆಸಿ ತಳಮಟ್ಟ ಕಳೆಯುವುದೊಂದೇ ದಾರಿ. ಎರಡು ಅವಧಿಗಳ ನಡುವೆ ಅವರಿಗೂ ಕನಿಷ್ಠ 35 ದಿನಗಳ ಬಿಡುವು ಕೊಡುತ್ತಾರೆ.

ಕಳೆಯುವುದು ಹೇಗೆ?

ಸರಳ ವಿಧಾನವೆಂದರೆ ಮಾತ್ರೆ ಕೊಡುವ ಅರ್ಧ ಗಂಟೆ ಮೊದಲು, ಕಾಲು ಗಂಟೆ ಮೊದಲು ಮತ್ತು ಕೊಡುವ ಹೊತ್ತಿಗೆ, ಹೀಗೆ ಮೂರು ಸಲ ರಕ್ತ ತೆಗೆದು ಸರಾಸರಿ ಕಂಡುಹಿಡಿದು, ಆ ಸರಾಸರಿಯನ್ನು ಮುಂದಿನ ಎಲ್ಲ ಅಳತೆಗಳಿಂದಲೂ ಕಳೆಯುವುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಲೆವೊಥೈರಾಕ್ಸಿನ್ನಿಗೆ ಸೂಚಿಸಿರುವುದು ಇದನ್ನೇ. ಒಂದೇ ಅಳತೆಯನ್ನು ನಂಬದೆ ಮೂರು ತೆಗೆಯುವುದೇಕೆ ಎಂಬುದು ಪ್ರಯೋಗಾಲಯದಲ್ಲಿ ಟೈಟ್ರೇಷನ್ ಮಾಡಿದವರಿಗೆ ವಿವರಿಸಬೇಕಾಗಿಲ್ಲ.

ಈಗ ತೂಬು ಇಳಿಸುವವರ ವಿಷಯ. ರಕ್ತದಲ್ಲಿ ಥೈರಾಕ್ಸಿನ್ ಹೆಚ್ಚಾದ ಕೂಡಲೇ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ಪ್ರಚೋದಿಸುವ ತನ್ನ ಹಾರ್ಮೋನನ್ನು ಕಡಿಮೆ ಮಾಡುತ್ತದೆ. ಆಗ ಥೈರಾಯ್ಡಿನ ಉತ್ಪಾದನೆ ತಗ್ಗುತ್ತದೆ. ಅಂದರೆ ನಾವು ಸ್ಥಿರ ಎಂದು ನಂಬಿದ 8, ಒಳಗೊಳಗೇ ಇಳಿಯುತ್ತಿರುತ್ತದೆ. ಉತ್ಪಾದನೆ ಪೂರ್ತಿ ನಿಂತೇಬಿಟ್ಟಿತು ಎಂದು ಭಾವಿಸಿದರೆ, ಏಳು ದಿನಗಳ ಅರ್ಧಾಯುವಿನ ಪ್ರಕಾರ 48 ಗಂಟೆಗಳ ನಂತರ ಹಳೆಯ 8ರಲ್ಲಿ ಉಳಿಯುವುದು ಸುಮಾರು 6.6. ಆ ಹೊತ್ತಿಗೆ ಅಳೆದ ಸಾರತೆ 11 ಆಗಿದ್ದರೆ, ಮೊದಲ ವಿಧಾನದಂತೆ ಮಾತ್ರೆಯ ಪಾಲು 3, ಎರಡನೆಯದರಂತೆ 4.4. ಒಂದೇ ರಕ್ತ, ಒಂದೇ ಯಂತ್ರ, ಎರಡು ಉತ್ತರ! ನಿಜ ಇವೆರಡರ ನಡುವೆ ಎಲ್ಲೋ ಇದೆ.

ಮೂರನೆಯ ವಿಧಾನ ಹೆಚ್ಚು ಶ್ರಮದ್ದು. ಮಾತ್ರೆ ಕೊಡುವ ಹಿಂದಿನ ದಿನ ಇಡೀ 24 ಗಂಟೆ ಅದೇ ಗಡಿಯಾರದ ವೇಳೆಗಳಲ್ಲಿ ರಕ್ತ ತೆಗೆದಿಟ್ಟುಕೊಂಡು, ಮಾರನೆಯ ದಿನದ ಹತ್ತು ಗಂಟೆಯ ಅಳತೆಯಿಂದ ಹಿಂದಿನ ದಿನದ ಹತ್ತು ಗಂಟೆಯ ಅಳತೆಯನ್ನು ಕಳೆಯುವುದು. ಥೈರಾಕ್ಸಿನ್ನಿಗೆ ಇದು ಅಷ್ಟೇನೂ ಅಗತ್ಯವಿಲ್ಲ, ಅದರ ಮಟ್ಟ ದಿನದಲ್ಲಿ ಹೆಚ್ಚು ಏರಿಳಿಯದು. ಕಾರ್ಟಿಸಾಲ್ ಹಾಗಲ್ಲ. ಬೆಳಗಿನ ಹೊತ್ತು ಅದು ಶಿಖರದಲ್ಲಿರುತ್ತದೆ, ನಡುರಾತ್ರಿಗೆ ತಳ ಮುಟ್ಟುತ್ತದೆ. ಬೆಳಿಗ್ಗೆ ಎಂಟರ ಮಟ್ಟವನ್ನು ರಾತ್ರಿಯ ಅಳತೆಯಿಂದ ಕಳೆದರೆ ಉತ್ತರ ಋಣಸಂಖ್ಯೆಯಾಗಬಹುದು. ಟೆಸ್ಟಾಸ್ಟಿರಾನ್ ಕೂಡ ಬೆಳಗಿನ ಹಾರ್ಮೋನೇ. ಹೈಡ್ರೊಕಾರ್ಟಿಸೋನ್ ಅಧ್ಯಯನಗಳಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಡೆಕ್ಸಾಮೆಥಸೋನ್ ಕೊಟ್ಟು ಸ್ವಯಂಸೇವಕನ ಸ್ವಂತ ಉತ್ಪಾದನೆಯನ್ನೇ ತಾತ್ಕಾಲಿಕವಾಗಿ ಅಡಗಿಸುತ್ತಾರೆ. ಅಣೆಕಟ್ಟೆಯ ತೂಬನ್ನು ಮುಚ್ಚಿಟ್ಟು ಹಳ್ಳವನ್ನು ಅಳೆದಂತೆ.

ಋಣಸಂಖ್ಯೆ ಬಂದರೆ ಏನು ಮಾಡಬೇಕು? ವಿಸ್ತೀರ್ಣ ಲೆಕ್ಕ ಹಾಕುವ ಮುನ್ನ ಅದನ್ನು ಸೊನ್ನೆ ಎಂದು ಇಡಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ರಕ್ತದಲ್ಲಿ 'ಸೊನ್ನೆಗಿಂತ ಕಡಿಮೆ' ಔಷಧ ಇರಲಾರದು ಎಂಬುದು ಸರಿಯೇ. ಆದರೆ ಅಳತೆಯ ದೋಷದಿಂದ ಮೇಲಕ್ಕೆ ಜಿಗಿದ ಬಿಂದುಗಳನ್ನು ಉಳಿಸಿಕೊಂಡು ಕೆಳಕ್ಕೆ ಜಿಗಿದವನ್ನು ಮಾತ್ರ ಸೊನ್ನೆಗೆ ಎತ್ತಿದರೆ ಮೊತ್ತ ಸ್ವಲ್ಪ ಹೆಚ್ಚಿನ ಕಡೆಗೇ ವಾಲುತ್ತದೆ. ನಿಯಮ ಅನುಕೂಲದ್ದು, ಪರಿಶುದ್ಧವಾದದ್ದಲ್ಲ ಎಂದೇ ನನ್ನ ಅಭಿಪ್ರಾಯ. ಇಂಥ ಸೊನ್ನೆಗಳು ಒಂದೆರಡಕ್ಕಿಂತ ಹೆಚ್ಚಾದರೆ ತಳಮಟ್ಟವನ್ನು ಆರಿಸಿದ ವಿಧಾನವನ್ನೇ ಅನುಮಾನಿಸಬೇಕು. ಇನ್ನೊಂದು ನಿಯಮ ಮಾತ್ರ ಪ್ರಶ್ನಾತೀತ: ಪ್ರತಿಯೊಬ್ಬನ ತಳಮಟ್ಟ ಅವನದೇ, ಪ್ರತಿ ಅವಧಿಗೂ ಬೇರೆಯಾಗಿಯೇ ಅಳೆಯಬೇಕು. ಮೊದಲ ತಿಂಗಳ ತಳಮಟ್ಟವನ್ನು ಎರಡನೆಯ ತಿಂಗಳಿಗೆ ಬಳಸುವಂತಿಲ್ಲ.

ಕಳೆಯುವುದಕ್ಕೂ ಬೆಲೆ ತೆರಬೇಕು. ಪ್ರತಿ ಅಳತೆಯಲ್ಲೂ 0.4ರಷ್ಟು ದೋಷ ಇದೆ ಎನ್ನೋಣ. 14ರಲ್ಲಿ ಅದು ಶೇಕಡಾ 3ರಷ್ಟು. ಆದರೆ 14ರಿಂದ 8 ಕಳೆದಾಗ ಎರಡರ ದೋಷಗಳೂ ಸೇರುತ್ತವೆ. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 0.57. ಉಳಿದ 6ರಲ್ಲಿ ಅದು ಶೇಕಡಾ 9ಕ್ಕಿಂತ ಹೆಚ್ಚು. ದೋಷ ಮೂರು ಪಟ್ಟಾಯಿತು. ರೋಗಿಗಳು ದಿನಕ್ಕೆ 100 ಮೈಕ್ರೊಗ್ರಾಂ ಆಸುಪಾಸಿನಲ್ಲಿ ನುಂಗುವ ಔಷಧವನ್ನು ಪರೀಕ್ಷೆಯಲ್ಲಿ ಒಮ್ಮೆಗೇ 600 ಕೊಡುವುದು ಇದಕ್ಕಾಗಿಯೇ. ತಳಮಟ್ಟದ ಮೇಲೆ ಮಾತ್ರೆಯ ತಲೆ ಸ್ಪಷ್ಟವಾಗಿ ಕಾಣಬೇಕು. ವೈದ್ಯರ ನಿಗಾದಲ್ಲಿ, ಒಂದು ಸಲಕ್ಕೆ ಮಾತ್ರ ನಡೆಯುವ ಪ್ರಯೋಗವಿದು, ಮನೆಯಲ್ಲಿ ಅನುಕರಿಸುವಂಥದ್ದಲ್ಲ. ಮೂಲ ಮಟ್ಟ ಹೆಚ್ಚಿದ್ದಷ್ಟೂ ಸ್ವಯಂಸೇವಕರ ಸಂಖ್ಯೆಯನ್ನೂ ಹೆಚ್ಚಿಸಬೇಕಾಗುತ್ತದೆ.

ಆಲೂಗೆಡ್ಡೆ ಮತ್ತು ಎಳನೀರು

ತಳಮಟ್ಟ ಗ್ರಂಥಿಯಿಂದಲ್ಲದೆ ತಟ್ಟೆಯಿಂದ ಬಂದಾಗ ಸಮಸ್ಯೆ ಇನ್ನೂ ರುಚಿಕರವಾಗುತ್ತದೆ. ಹೃದ್ರೋಗಿಗಳಿಗೆ ಮೂತ್ರ ಹೆಚ್ಚಿಸುವ ಔಷಧ ಕೊಟ್ಟಾಗ ದೇಹದಿಂದ ಪೊಟ್ಯಾಸಿಯಂ ನಷ್ಟವಾಗುತ್ತದೆ. ಅದನ್ನು ತುಂಬಲು ಪೊಟ್ಯಾಸಿಯಂ ಕ್ಲೋರೈಡ್ ಕೊಡುತ್ತಾರೆ. ಕಡಿಮೆಯಾದರೂ ಹೆಚ್ಚಾದರೂ ಹೃದಯದ ಬಡಿತಕ್ಕೆ ಅಪಾಯ. ಇಲ್ಲಿ ರಕ್ತ ಪರೀಕ್ಷೆಯಿಂದ ಪ್ರಯೋಜನವಿಲ್ಲ, ಏಕೆಂದರೆ ದೇಹದ ಪೊಟ್ಯಾಸಿಯಮ್ಮಿನಲ್ಲಿ ಶೇಕಡಾ 98ರಷ್ಟು ಜೀವಕೋಶಗಳ ಒಳಗಿದೆ. ರಕ್ತದಲ್ಲಿ ಮೂತ್ರಪಿಂಡಗಳು ಅದನ್ನು ಲೀಟರಿಗೆ 3.5ರಿಂದ 5 ಮಿಲಿಮೋಲ್‌ಗಳ ಒಳಗೆ ಬಿಗಿಯಾಗಿ ಹಿಡಿದಿರುತ್ತವೆ. ಆದ್ದರಿಂದ ಮೂತ್ರವನ್ನು ಸಂಗ್ರಹಿಸಿ, ಮಾತ್ರೆ ಇಲ್ಲದ ದಿನದ ವಿಸರ್ಜನೆಯನ್ನು ಮಾತ್ರೆ ಕೊಟ್ಟ ದಿನದ ವಿಸರ್ಜನೆಯಿಂದ ಕಳೆಯುತ್ತಾರೆ.

ಇಂಥ ಅಧ್ಯಯನಕ್ಕೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಒಬ್ಬೊಬ್ಬ ಸ್ವಯಂಸೇವಕ ಬಂದರೆಂದು ಕಲ್ಪಿಸಿಕೊಳ್ಳಿ. ಹಾಸನ, ಅರಕಲಗೂಡುಗಳು ಆಲೂಗೆಡ್ಡೆಯ ಸೀಮೆ. ಅಂಗಮಾರಿ ರೋಗದಿಂದ ಬೆಳೆ ಕುಗ್ಗಿದ್ದರೂ ಊಟದಿಂದ ಆಲೂಗೆಡ್ಡೆ ಮರೆಯಾಗಿಲ್ಲ. 100 ಗ್ರಾಂ ಆಲೂಗೆಡ್ಡೆಯಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಚನ್ನರಾಯಪಟ್ಟಣ ತೆಂಗಿನ ನಾಡು. 300 ಮಿಲಿಲೀಟರಿನ ಒಂದು ಎಳನೀರಿನಲ್ಲಿ 600ರಿಂದ 750 ಮಿಲಿಗ್ರಾಂ, ಅಂದರೆ 15ರಿಂದ 19 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. 600 ಮಿಲಿಗ್ರಾಮಿನ ಪೊಟ್ಯಾಸಿಯಂ ಕ್ಲೋರೈಡ್ ಮಾತ್ರೆಯಲ್ಲಿರುವುದು 8 ಮಿಲಿಮೋಲ್. ಒಂದು ಎಳನೀರು ಎರಡು ಮಾತ್ರೆಗೆ ಸಮ! ಮೂತ್ರಪಿಂಡ ಕೆಟ್ಟವರಿಗೆ ಎಳನೀರು ಬೇಡವೆಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ಚನ್ನರಾಯಪಟ್ಟಣದ ಸ್ವಯಂಸೇವಕನ ತಳಮಟ್ಟ ದಿನಕ್ಕೆ 50 ಮಿಲಿಮೋಲ್ ಎಂದು ದಾಖಲಾಯಿತು. ಮಾರನೆಯ ದಿನ 80 ಮಿಲಿಮೋಲ್ ಔಷಧ ಕೊಟ್ಟರು. ಮೂತ್ರದಲ್ಲಿ 115 ಬಂದಿದ್ದರೆ ಔಷಧದ ಪಾಲು 65 ಎನ್ನಬಹುದಿತ್ತು. ಆದರೆ ಆತ ಯಾರಿಗೂ ಹೇಳದೆ ಎರಡು ಎಳನೀರು ಕುಡಿದ. ಬಂದದ್ದು 145. ಕಳೆದರೆ 95. ನುಂಗಿದ್ದು 80, ಹೊರಬಂದದ್ದು 95! ಇಂಥ ಅಸಂಗತ ಉತ್ತರ ಬಂದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಆತ ಕುಡಿದದ್ದು ಅರ್ಧ ಎಳನೀರಾಗಿದ್ದರೆ ಯಾರ ಕಣ್ಣಿಗೂ ಬೀಳದೆ ಲೆಕ್ಕದಲ್ಲಿ ಸೇರಿಹೋಗುತ್ತಿತ್ತು. ಅದಕ್ಕೇ ಈ ಅಧ್ಯಯನಗಳಲ್ಲಿ ಎಲ್ಲರನ್ನೂ ಒಂದೇ ಕಡೆ ಇರಿಸಿ, ತಳಮಟ್ಟದ ದಿನಗಳಲ್ಲೂ ಔಷಧದ ದಿನದಲ್ಲೂ ತೂಗಿದ ಒಂದೇ ಊಟ ಕೊಡುತ್ತಾರೆ. ಬೆವರಿನಲ್ಲಿ ಪೊಟ್ಯಾಸಿಯಂ ಹೋಗದಂತೆ ತಂಪಾದ ಕೋಣೆಯಲ್ಲಿ ಇರಿಸುತ್ತಾರೆ. ವ್ಯವಕಲನ ಸರಿಯಾಗುವುದು ಅಡುಗೆಮನೆಯಲ್ಲಿ, ಕಂಪ್ಯೂಟರಿನಲ್ಲಿ ಅಲ್ಲ.

ಅಣುವಿಗೆ ಗುರುತು ಹಾಕುವುದು

ಮಾತ್ರೆಯ ಪರಮಾಣುಗಳಿಗೆ ಗುರುತು ಹಾಕಿಬಿಟ್ಟರೆ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳೊಂದಿಗೆ ಮಾಡಿದ್ದು ಇದನ್ನೇ. ದೇಹದಲ್ಲಿ ಮೊದಲೇ 3–4 ಗ್ರಾಂ ಕಬ್ಬಿಣ ಇರುವಾಗ ಒಂದು ಊಟದ ಕೆಲವೇ ಮಿಲಿಗ್ರಾಂ ಕಬ್ಬಿಣದಲ್ಲಿ ಎಷ್ಟು ಒಳಸೇರಿತು ಎಂದು ಕಂಡುಹಿಡಿಯುವುದು ಹೇಗೆ? ಅವರು ಊಟದಲ್ಲಿ ಕಬ್ಬಿಣದ ಸ್ಥಿರ ಐಸೊಟೋಪುಗಳನ್ನು ಬೆರೆಸಿ, ಸುಮಾರು ಎರಡು ವಾರಗಳ ನಂತರ ಯುವತಿಯರ ಕೆಂಪು ರಕ್ತಕಣಗಳಲ್ಲಿ ಅವುಗಳನ್ನು ಅಳೆದರು. ಇವು ವಿಕಿರಣ ಸೂಸುವುದಿಲ್ಲ, ತೂಕದಲ್ಲಷ್ಟೇ ಭಿನ್ನ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಊಟದ ಜೊತೆ ಕುಡಿದ ಒಂದು ಲೋಟ ಚಹಾ ಕಬ್ಬಿಣದ ಹೀರಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ಎರಡು ಲೋಟ ಮೂರನೇ ಎರಡರಷ್ಟು ಕಡಿತ ಮಾಡಿತು. ರಕ್ತಹೀನತೆ ಇದ್ದವರು ಇಲ್ಲದವರಿಗಿಂತ ಹೆಚ್ಚು ಹೀರಿಕೊಂಡರು. ಎಂದರೆ ತಳಮಟ್ಟ ಕಳೆಯಬೇಕಾದ ಅಂಕಿ ಮಾತ್ರವಲ್ಲ. ಎಷ್ಟು ಒಳಬರಬೇಕೆಂಬುದನ್ನೂ ಅದೇ ತೀರ್ಮಾನಿಸುತ್ತದೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕಬ್ಬಿಣದ ಮಾತ್ರೆ ಹಂಚುವ ಶಿಕ್ಷಕರಿಗೆ ಇದು ಉಪಯೋಗಕ್ಕೆ ಬರುವ ಮಾತು.

ಐಸೊಟೋಪ್ ಬಂದರೆ ತಳಮಟ್ಟದ ಕಾಟ ತಪ್ಪಿತೆ? ಇಲ್ಲ. ನಿಸರ್ಗದ ಕಬ್ಬಿಣದಲ್ಲೇ 57 ತೂಕದ ಐಸೊಟೋಪ್ ಶೇಕಡಾ 2.1ರಷ್ಟು, 58ರದು ಶೇಕಡಾ 0.28ರಷ್ಟು ಇವೆ. ಅದನ್ನೂ ಕಳೆಯಬೇಕು. ತಳಮಟ್ಟ ಚಿಕ್ಕದಾಯಿತು ಅಷ್ಟೇ.

ತರಗತಿಯಲ್ಲಿ ಮಾಡಿ ನೋಡಿ

ಪದವಿಪೂರ್ವ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಇದನ್ನೆಲ್ಲ ಒಂದು ಗಂಟೆಯಲ್ಲಿ ತೋರಿಸಬಹುದು. 1.65 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರು ಮಾಡಿಕೊಳ್ಳಿ. ಇದರ ಪ್ರತಿ ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಲೀಟರಿಗೆ 4.79 ಗ್ರಾಂ ಸಿಲ್ವರ್ ನೈಟ್ರೇಟ್ ಇರುವ ದ್ರಾವಣ ಬ್ಯೂರೆಟ್ಟಿಗೆ. ಅದರ 1 ಮಿಲಿಲೀಟರು 1 ಮಿಲಿಗ್ರಾಂ ಕ್ಲೋರೈಡಿಗೆ ಸಮ. ಸೂಚಕವಾಗಿ ಕೆಲವು ಹನಿ ಪೊಟ್ಯಾಸಿಯಂ ಕ್ರೋಮೇಟ್. ಹಳದಿ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗಿದಾಗ ನಿಲ್ಲಿಸಬೇಕು.

ಊರಿನ ಕೊಳವೆಬಾವಿಯ ನೀರನ್ನು 50 ಮಿಲಿಲೀಟರಿನಂತೆ ಮೂರು ಫ್ಲಾಸ್ಕುಗಳಿಗೆ ಹಾಕಿ. ಮೊದಲನೆಯದು ತಳಮಟ್ಟ. ಎರಡನೆಯದಕ್ಕೆ ಉಪ್ಪಿನ ದ್ರಾವಣ 7.5 ಮಿಲಿಲೀಟರು, ಅದು 'ಅ' ಮಾತ್ರೆ. ಮೂರನೆಯದಕ್ಕೆ 5 ಮಿಲಿಲೀಟರು, ಅದು 'ಆ'. ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಕ್ಲೋರೈಡ್ ಇದ್ದರೆ ಬ್ಯೂರೆಟ್ಟಿನ ಓದುವಿಕೆಗಳು 10, 17.5 ಮತ್ತು 15 ಆಗುತ್ತವೆ. 15ನ್ನು 17.5ರಿಂದ ಭಾಗಿಸಿ, ಶೇಕಡಾ 86. ತಳಮಟ್ಟ ಕಳೆದು ಭಾಗಿಸಿ, ಶೇಕಡಾ 67. ಥೈರಾಕ್ಸಿನ್ನಿನ ಲೆಕ್ಕವೇ ಮತ್ತೆ ಬಂದಿತು.

ಮುಂದಿನ ವಾರ ಬೇರೆ ಬೇರೆ ಊರಿನ ವಿದ್ಯಾರ್ಥಿಗಳು ತಮ್ಮ ತಮ್ಮ ನೀರು ತರಲಿ. ಒಬ್ಬರು ಹೊಳೆಯ ನೀರು, ಇನ್ನೊಬ್ಬರು ಕೆರೆಯ ಪಕ್ಕದ ಬಾವಿಯ ನೀರು. ಕ್ಲೋರೈಡ್ ಕಡಿಮೆ ಇರುವ ನೀರಿನಲ್ಲಿ ಕಳೆಯದೆಯೇ ಅನುಪಾತ 67ರ ಹತ್ತಿರ ಬರುತ್ತದೆ. ಉಪ್ಪು ಹೆಚ್ಚಿರುವ ನೀರಿನಲ್ಲಿ 100ರ ಕಡೆಗೆ ಜಾರುತ್ತದೆ. ಒಬ್ಬರ ತಳಮಟ್ಟವನ್ನು ಇನ್ನೊಬ್ಬರ ಅಳತೆಯಿಂದ ಕಳೆಯಲು ಹೇಳಿ, ಏನಾಗುತ್ತದೆಂದು ಅವರೇ ನೋಡಲಿ. ಪ್ರತಿಯೊಂದನ್ನೂ ಐದು ಸಲ ಮಾಡಿಸಿದರೆ ವ್ಯವಕಲನದ ನಂತರ ಓದುವಿಕೆಗಳ ಚದುರುವಿಕೆ ಹೇಗೆ ಹಿಗ್ಗುತ್ತದೆ ಎಂಬುದೂ ಕಾಣುತ್ತದೆ. ಸಿಲ್ವರ್ ನೈಟ್ರೇಟ್ ದುಬಾರಿ, ಕ್ರೋಮೇಟ್ ವಿಷಕಾರಿ. ಉಳಿದ ದ್ರಾವಣ ಮತ್ತು ಗಸಿಯನ್ನು ಸಿಂಕಿಗೆ ಸುರಿಯದೆ ಹೆಸರು ಬರೆದ ಸೀಸೆಯೊಂದರಲ್ಲಿ ಕೂಡಿಡಿ.